ಪಂಚಾಯಿತಿ ಕಚೇರಿಯ ಗಣಕಜಾಲ: ವಿನ್ಯಾಸದ ಪಾಠ

ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಲ್ಲಾಗಲಿ, ಮತ್ತಾವುದೇ ಗ್ರಾಮದಲ್ಲಾಗಲಿ, ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯೊಡನೆ ವಿತರಣೆಯಾಗುತ್ತವೆ. ಸಹಿಯ ಡಾಂಗಲ್ ಜೋಡಿಸಿದ ಗಣಕಯಂತ್ರಕ್ಕೆ ಅನ್ಯರು ಜಾಲದ ಮೂಲಕ ಪ್ರವೇಶಿಸಿದಲ್ಲಿ ಅಪಾಯಕ್ಕೀಡಾಗುವುದು ಗ್ರಾಮಸ್ಥರ ಮನೆ, ನಿವೇಶನಗಳ ದಾಖಲೆ. ಸಹಿ ಮುಗಿದೊಡನೆ ಡಾಂಗಲ್ ಕಳಚಿ ಅಧಿಕಾರಿಯೇ ವಶದಲ್ಲಿಟ್ಟುಕೊಳ್ಳತಕ್ಕದ್ದು. ಇದಕ್ಕೆ ಅಂದಾಜು ಪಟ್ಟಿಯೇನೂ ಬೇಕಿಲ್ಲ.

ಸುರಕ್ಷಿತ ಜಾಲ ವಿನ್ಯಾಸದ ತರಬೇತಿಯಲ್ಲಿ ತಂತ್ರಜ್ಞರಿಗೆ ಬೋಧಿಸುವ ಮುಖ್ಯ ಪಾಠ ವಿಭಜನೆ. ಗದ್ದೆಯ ಮಡಿಗಳ ನಡುವೆ ಬದುವಿದ್ದು, ಬೇಕಾದಲ್ಲಿ ಮಾತ್ರ ನೀರಿಗೆ ಕಂಡಿ ಬಿಡುವಂತೆ, ಜಾಲದ ಭಾಗಗಳ ನಡುವೆ ಫೈರ್‌ವಾಲ್ ಅನುಮತಿಸಿದ ಸಂಪರ್ಕ ಮಾತ್ರ ಹಾಯಬೇಕು. ದಾಖಲೆಯ ಗಣಕಯಂತ್ರ, ಸಿ.ಸಿ. ಕ್ಯಾಮೆರಾ, ಸಾರ್ವಜನಿಕರ ವೈ-ಫೈ ಮೂರನ್ನೂ ಒಂದೇ ರೂಟರ್‌ಗೆ ಬೇರ್ಪಡಿಸದೆ ಜೋಡಿಸಿದರೆ ಬದುವೇ ಇಲ್ಲದಂತಾಗುತ್ತದೆ. ವಿಎಲ್ಯಾನ್ ಸೌಲಭ್ಯವುಳ್ಳ ಸ್ವಿಚ್‌ನಿಂದ ಇವನ್ನು ಪ್ರತ್ಯೇಕಿಸಬಹುದು. ಕ್ಯಾಮೆರಾದೊಡನೆ ಬಂದ ಮೂಲ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಬೇಕು.

ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಅದರಂತೆ, ನಿರ್ದಿಷ್ಟಪಡಿಸಿದ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಕಾಯ್ದಿರಿಸಬೇಕು.

ಉಪಕರಣ ಖರೀದಿಯ ಚರ್ಚೆ ದರಕ್ಕಷ್ಟೇ ಸೀಮಿತವಾಗುವುದು ವಿಷಾದನೀಯ. ಜೋಡಣೆ ಮಾಡುವವರು ಜಾಲ ವಿನ್ಯಾಸದ ತರಬೇತಿ ಪಡೆದವರೇ, ವಿಭಜನೆಯ ನಕ್ಷೆ ಎಲ್ಲಿದೆ, ಕೆಲಸ ಮುಗಿದ ಬಳಿಕ ಪಾಸ್‌ವರ್ಡ್ ಯಾರ ಸುಪರ್ದಿಯಲ್ಲಿರುತ್ತದೆ ಎಂದು ಮಾನ್ಯ ಸದಸ್ಯರು ಅನುಮೋದನೆಗೆ ಮುನ್ನ ಕೇಳಬೇಕು. ನಕ್ಷೆಯ ಪ್ರತಿಯನ್ನು ಕಡತದಲ್ಲಿರಿಸತಕ್ಕದ್ದು.