ಕಬಡ್ಡಿ ಪಂದ್ಯಕ್ಕೆ ಬ್ಯಾಂಡ್ ಸಂಗೀತ: ಮೊದಲು ಉಸಿರಿನ ಲೆಕ್ಕ

ಆಟವೊಂದನ್ನು ವಾದ್ಯಗಳಲ್ಲಿ ಹೇಳುವುದು ಹೊಸ ಪ್ರಯೋಗವಲ್ಲ. ಸ್ವಿಸ್ ಮೂಲದ ಆರ್ಥರ್ ಹೊನೆಗರ್ 1928ರಲ್ಲೇ ರಗ್ಬಿಯ ದಾಳಿ, ಪ್ರತಿದಾಳಿಗಳನ್ನು ವಾದ್ಯವೃಂದಕ್ಕೆ ತಂದಿದ್ದರು. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಮದುವೆ, ಮೆರವಣಿಗೆಗಳಲ್ಲಿ ನುಡಿಸುವ ಬ್ಯಾಂಡ್ ಸೆಟ್‌ಗೆ ಕಬಡ್ಡಿಗಿಂತ ಒಗ್ಗುವ ವಸ್ತು ಇನ್ನೊಂದಿಲ್ಲ. ಆಟಗಾರನಿಗೂ ಊದುವವನಿಗೂ ದಮ್ಮೇ ಬಂಡವಾಳ.

1. ಪಂದ್ಯದ ಆಯ್ಕೆ: ಒಂದೇ ಪಂದ್ಯ ಸಾಕು, ಅದರಲ್ಲಿ ತಿರುವು ಇರಬೇಕು. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಮೊದಲರ್ಧದಲ್ಲಿ ಹಿಂದಿದ್ದ ಬೆಂಗಳೂರು ಬುಲ್ಸ್, ಪವನ್ ಸೆಹ್ರಾವತ್ ಗಳಿಸಿದ 22 ಅಂಕಗಳ ಬಲದಿಂದ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಇಂಥ ಪಂದ್ಯ ಕೃತಿಯ ಎರಡು ಭಾಗಗಳನ್ನು ತಾನೇ ಕೊಡುತ್ತದೆ.

2. ಚೌಕಟ್ಟು: 40 ನಿಮಿಷದ ಆಟವನ್ನು ಆರು ನಿಮಿಷಕ್ಕೆ ಇಳಿಸಬೇಕು. ಒಂದು ಖಾಲಿ ದಾಳಿ, ಒಂದು ಬೋನಸ್, ಒಂದು ಟ್ಯಾಕಲ್, ಕೊನೆಗೆ ಎದುರಾಳಿಗಳೆಲ್ಲ ಔಟಾಗುವ ಲೋನಾ: ನಾಲ್ಕೇ ಘಟನೆ. ನಿಜವಾದ ಸೀಟಿಯನ್ನು ಒಮ್ಮೆ ಮಾತ್ರ ಊದಿಸಬೇಕು. ಪದೇಪದೇ ಊದಿದರೆ ಸಂಗೀತ ಕಿವಿಗೆ ಬೀಳುವುದಿಲ್ಲ.

3. ಮೂಲ ಲಯ: ‘ಕಬಡ್ಡಿ’ಯಲ್ಲಿ ಲಘು, ಗುರು, ಲಘು ಸೇರಿ ನಾಲ್ಕು ಮಾತ್ರೆ. ಒಂದು ಬೀಟ್‌ಗೆ ಎರಡು ಮಾತ್ರೆಯಂತೆ ಹಿಡಿದರೆ ಒಂದು ‘ಕಬಡ್ಡಿ’ಗೆ ಎರಡು ಬೀಟ್. ದಾಳಿಗೆ ಈ ಲಯ, ರಕ್ಷಣೆಯ ಸರಪಳಿಗೆ ಯುಫೋನಿಯಂ, ಟ್ಯೂಬಾಗಳ ನೀಳ ಸ್ವರ.

4. ಉಸಿರು: ಹೆಚ್ಚಿನವರು ಎಡವುವುದು ಇಲ್ಲೇ. ದಾಳಿಯ ಅವಧಿ 30 ಸೆಕೆಂಡು. ನಿಮಿಷಕ್ಕೆ 120 ಬೀಟ್‌ನ ವೇಗದಲ್ಲಿ ಅದು 60 ಬೀಟ್, ಅಂದರೆ ನಾಲ್ಕು ಬೀಟ್‌ನ 15 ಬಾರ್. ಕಂಪ್ಯೂಟರಿನಲ್ಲಿ ಬರೆಯುವವರು ಈ 15 ಬಾರನ್ನೂ ಒಬ್ಬನೇ ಟ್ರಂಪೆಟ್ ವಾದಕನಿಗೆ ಬಿಡುವಿಲ್ಲದೆ ಕೊಟ್ಟುಬಿಡುತ್ತಾರೆ. ಯಂತ್ರ ಸುಸ್ತಾಗದೆ ನುಡಿಸುತ್ತದೆ. ತಾಲೀಮಿನಲ್ಲಿ ಮನುಷ್ಯನ ತುಟಿ ಸೋಲುತ್ತದೆ, ಶ್ರುತಿ ಇಳಿಯುತ್ತದೆ. ಗಟ್ಟಿಯಾಗಿ ನುಡಿಸುವ ಟ್ಯೂಬಾದವನಿಗೆ ಕೆಲವೇ ಸೆಕೆಂಡಿನಲ್ಲಿ ಎದೆ ಬರಿದಾಗುತ್ತದೆ. ವಾಲಗದಲ್ಲಿ ಒತ್ತು ಹಿಡಿಯುವವರು ಕೆನ್ನೆಯ ಗಾಳಿಯನ್ನು ಊದುತ್ತಲೇ ಮೂಗಿನಲ್ಲಿ ಉಸಿರೆಳೆಯುತ್ತಾರೆ. ಅದು ವರ್ಷಗಳ ಸಾಧನೆ. ಎಲ್ಲ ಬ್ಯಾಂಡ್ ವಾದಕರಿಂದ ನಿರೀಕ್ಷಿಸುವುದು ಅನ್ಯಾಯ.

ದಾರಿ ಸರಳ. ಎಳೆಯನ್ನು ಇಬ್ಬರಿಗೆ ಹಂಚಿ, ಮೊದಲನೆಯವನು ಬಿಡುವ ಎರಡು ಬೀಟ್ ಮುಂಚೆಯೇ ಎರಡನೆಯವನು ಮೆಲ್ಲಗೆ ಸೇರಿಕೊಳ್ಳುವಂತೆ ಬರೆಯಬೇಕು. ಉಸಿರೆಳೆಯುವ ಜಾಗವನ್ನು ಸಾಲಿನ ಮೇಲೆ ಅಲ್ಪವಿರಾಮದಿಂದ ಗುರುತಿಸಬೇಕು. ಇಬ್ಬರ ಗುರುತೂ ಒಂದೇ ಕಡೆ ಬರಬಾರದು. ಬರೆದದ್ದನ್ನು ಬರೆದವರೇ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಹಾಡಿ ನೋಡಬೇಕು. ಹಾಡಲಾಗದ ಸಾಲನ್ನು ಮುರಿಯಬೇಕು. ಕೇಳುಗರಿಗೆ ದಾಳಿ ಒಂದೇ ದಮ್ಮಿನದಾಗಿ ಕೇಳಿಸುತ್ತದೆ, ವಾದಕರ ದಮ್ಮೂ ಉಳಿಯುತ್ತದೆ.

5. ಪ್ರತಿ, ತಾಲೀಮು: ಸಿ ಸ್ವರ ಕೇಳಿಸಬೇಕಾದರೆ ಬಿ ಫ್ಲಾಟ್ ಕ್ಲಾರಿನೆಟ್, ಟ್ರಂಪೆಟ್‌ಗಳಿಗೆ ಡಿ, ಆಲ್ಟೊ ಸ್ಯಾಕ್ಸೊಫೋನ್‌ಗೆ ಎ ಎಂದು ಬರೆಯಬೇಕು. ಡ್ರಮ್ ಕೊನೆಗೆ ಸೇರಲಿ. ಮೊದಲ ತಾಲೀಮು ಅರ್ಧ ವೇಗದಲ್ಲಿ ನಡೆಯಲಿ. ಆ ವೇಗದಲ್ಲಿ ಸಾಲಿಗೆ ಇಮ್ಮಡಿ ಉಸಿರು ಬೇಕಾದ್ದರಿಂದ ನಡುವೆ ಹೆಚ್ಚುವರಿ ಬಿಡುವು ಕೊಡಬೇಕು.