ಚದುರಂಗದಲ್ಲಿ ಎದುರಾಳಿಯ ಮನಸ್ಸು

ಚದುರಂಗವು ಬುದ್ಧಿವಂತರ ಆಟವೆಂಬ ಮಾತು ಎಲ್ಲರ ಬಾಯಲ್ಲೂ ಇದೆ. ನಾನೂ ಹಾಗೆಯೆ ನಂಬಿದ್ದೆ. ಗೆದ್ದಾಗಲೆಲ್ಲ ಆ ನಂಬಿಕೆ ಮತ್ತಷ್ಟು ಹಿತವಾಗುತ್ತಿತ್ತು. ಆದರೆ ಒಂದು ಸೋಲು ನನಗೆ ಬೇರೊಂದು ಪಾಠವನ್ನು ಕಲಿಸಿತು. ಈ ಆಟದಲ್ಲಿ ಮುಂದುವರಿಯಬೇಕೆನ್ನುವ ಸಹಪಾಠಿಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ನಿವೇದಿಸುತ್ತೇನೆ.

ಅದು ಕಾಲೇಜುಗಳ ನಡುವಣ ಪಂದ್ಯದ ಕೊನೆಯ ಆಟ. ನಾನು ಗೆದ್ದರೆ ನಮ್ಮ ತಂಡ ಮುಂದಿನ ಸುತ್ತಿಗೆ ಹೋಗುತ್ತಿತ್ತು. ನನಗೆ ಒಂದು ಕುದುರೆ ಹೆಚ್ಚಾಗಿತ್ತು. ನನ್ನ ರಾಜನು ಕೊನೆಯ ಸಾಲಿನಲ್ಲಿ, ಕದಲದೆ ನಿಂತ ಮೂರು ಕಾಲಾಳುಗಳ ಹಿಂದೆ, ಕೋಟೆಯೊಳಗಿದ್ದಂತೆ ನೆಮ್ಮದಿಯಾಗಿದ್ದನು. ನನ್ನ ಆನೆ ಆ ಸಾಲನ್ನು ಕಾಯುತ್ತಿತ್ತು. ಎದುರಾಳಿ ತನ್ನ ಒಂದು ಕಾಲಾಳನ್ನು ಆ ಆನೆಯ ದಾರಿಯಲ್ಲಿ ಕಾವಲಿಲ್ಲದೆ ಬಿಟ್ಟನು. ಮರೆತಿದ್ದಾನೆಂದು ಹಿಗ್ಗಿ ಹೊಡೆದೆ. ಕೂಡಲೆ ಅವನ ಆನೆ ನನ್ನ ಕೊನೆಯ ಸಾಲಿಗೆ ಇಳಿಯಿತು. ಅಡ್ಡ ತರಲು ಒಂದು ಕಾಯಿಯೂ ಹತ್ತಿರವಿರಲಿಲ್ಲ. ರಾಜನಿಗೆ ಓಡಲು ಎಡೆಯಿಲ್ಲ. ದಾರಿ ಕಟ್ಟಿ ನಿಂತವರು ನನ್ನ ಕಾಲಾಳುಗಳೆ! ಗೆಳೆಯರು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸಿ.ಎಸ್. ಪುರಕ್ಕೆ ಹಿಂದಿರುಗಿದ ಮೇಲೆ, ನನಗೆ ಆಟ ಕಲಿಸಿದ ತಾತನ ಮುಂದೆ ಜಗಲಿಯಲ್ಲಿ ಕಾಯಿಗಳನ್ನು ಅದೇ ರೀತಿ ಜೋಡಿಸಿ ತೋರಿಸಿದೆ.

“ಅವನು ಆ ಕಾಲಾಳನ್ನ ಯಾಕೆ ಬಿಟ್ಟ ಅಂತ ಕೇಳ್ಕೊಂಡೇನಪ್ಪ?” ಎಂದರು.

“ಮರೆತ ಅಂದ್ಕೊಂಡೆ, ತಾತ.”

“ನಿನಗೆ ಬೇಕಾದ್ದನ್ನೇ ಅಂದ್ಕೊಂಡೆ. ಹಾಸಿನ ಮೇಲೆ ಆಡೋ ಕೈ ಎರಡು. ನೀನು ನಿನ್ನ ಕೈ ಒಂದನ್ನೇ ನೋಡ್ದೆ.”

ತಾತ ಹೇಳಿದ್ದು ನನ್ನಂಥವರಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಸಿಂಗಪುರದಲ್ಲಿ 2024ರ ಡಿಸೆಂಬರ್ 12ರಂದು ವಿಶ್ವ ಚಾಂಪಿಯನ್ ಪಂದ್ಯದ ಹದಿನಾಲ್ಕನೆಯ ಹಾಗೂ ಕೊನೆಯ ಆಟ ನಡೆಯಿತು. ಅದು ಸಮವಾಗಿ ಮುಗಿಯುವಂತೆ ತೋರುತ್ತಿತ್ತು. ಚೀನಾದ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ತಮ್ಮ ಆನೆಯನ್ನು ಅದಲುಬದಲಿಗೆ ಒಡ್ಡಿದರು. ಆನೆಗಳು ಹೋದೊಡನೆ ಮೂಲೆಯಲ್ಲಿದ್ದ ತಮ್ಮ ಒಂಟೆಯೂ ಅದಲುಬದಲಾಗಿ ಹೋಗುವುದೆಂಬುದು ಅವರ ಕಣ್ಣಿಗೆ ಬೀಳಲಿಲ್ಲ. ಕಾಲಾಳೊಂದು ಹೆಚ್ಚಿದ್ದ ಹದಿನೆಂಟರ ಹರೆಯದ ಡಿ. ಗುಕೇಶ್ ಆಟವನ್ನೂ ಪದವಿಯನ್ನೂ ಗೆದ್ದರು. ಅಂಥವರಿಗೇ ಹೀಗಾದರೆ ನಮ್ಮ ಪಾಡೇನು?

ಹಾಗಾದರೆ ನಿಪುಣರಲ್ಲಿರುವ ವಿಶೇಷವಾದರೂ ಏನು? ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಎಂಬುವರು 1946ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಪರಿಶೀಲಿಸಿದರು. ಆಟದ ನಡುವಣ ಸ್ಥಿತಿಯೊಂದನ್ನು ಕೆಲವೇ ಕ್ಷಣ ತೋರಿಸಿ ಮರೆಮಾಡಿದರೆ, ನಿಪುಣರು ಬಹುಪಾಲು ಎಲ್ಲ ಕಾಯಿಗಳ ಸ್ಥಾನವನ್ನೂ ಹೇಳಿಬಿಡುತ್ತಿದ್ದರು. ಆದರೆ 1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ ಎಂಬ ವಿದ್ವಾಂಸರು ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ, ನಿಪುಣರ ಆ ಮೇಲುಗೈ ಬಹುಮಟ್ಟಿಗೆ ಇಲ್ಲವಾಯಿತು. ಅಂದರೆ ಅವರದು ಹುಟ್ಟಿನಿಂದ ಬಂದ ಅದ್ಭುತ ನೆನಪಲ್ಲ. ಆಡಿ ಆಡಿ ಪರಿಚಿತವಾದ ವಿನ್ಯಾಸಗಳ ಸಂಗ್ರಹ. ಇಂಥ ಸಂಗ್ರಹವನ್ನು ಅಭ್ಯಾಸದಿಂದ ನಾವೂ ಬೆಳೆಸಿಕೊಳ್ಳಬಹುದಲ್ಲವೆ?

ಅದಕ್ಕಾಗಿ ನಾನು ರೂಢಿಸಿಕೊಂಡ ಕೆಲವು ನಿಯಮಗಳಿವು:

1. ಎದುರಾಳಿ ಆಡಿದೊಡನೆ ನಿಮ್ಮ ಉಪಾಯವನ್ನು ಬದಿಗಿಡಿ. ಆ ಕಾಯಿ ಈಗ ಯಾವುದನ್ನು ಹೊಡೆಯಬಲ್ಲದು, ಯಾವ ಮನೆಯ ಕಾವಲನ್ನು ಬಿಟ್ಟುಬಂದಿತು ಎಂದು ಕೇಳಿಕೊಳ್ಳಿ.

2. ನಿಮ್ಮ ನಡೆಯನ್ನು ಮೊದಲು ಮನಸ್ಸಿನಲ್ಲಿ ಆಡಿ. ಆಮೇಲೆ ಎದುರಾಳಿಯ ಕಡೆ ಕುಳಿತಂತೆ ಭಾವಿಸಿ, ರಾಜನಿಗೆ ಎಲ್ಲೆಲ್ಲಿಂದ ಶಹ ಬರಬಹುದೆಂದು ನೋಡಿ. ಅನಂತರವೇ ಕಾಯಿ ಮುಟ್ಟಿ.

3. ಪುಕ್ಕಟೆ ಸಿಕ್ಕಿತೆಂದು ತೋರುವ ಕಾಯಿಯ ಮುಂದೆ ಎರಡರಷ್ಟು ಹೊತ್ತು ಯೋಚಿಸಿ. ಗೆಲುವು ಹತ್ತಿರ ಕಂಡಾಗಲೇ ಮನಸ್ಸು ಹುಡುಕುವುದನ್ನು ನಿಲ್ಲಿಸುತ್ತದೆ.

4. ಹೊಡೆಯಲು ಏನೂ ಇಲ್ಲದಾಗ, ಕೆಲಸವಿಲ್ಲದೆ ಮೂಲೆಯಲ್ಲಿ ನಿಂತ ಕಾಯಿಗೆ ಒಳ್ಳೆಯ ಮನೆ ಕೊಡಿ. ಬಿಡುವಿದ್ದಾಗ ರಾಜನ ಮುಂದಿನ ಒಂದು ಕಾಲಾಳನ್ನು ಒಂದು ಮನೆ ಸರಿಸಿ ಕಿಟಕಿಯೊಂದನ್ನು ತೆರೆದಿಡಿ.

5. ಸೋತ ಆಟವನ್ನು ಬರೆದಿಟ್ಟು, ಮರುದಿನ ಮತ್ತೆ ಜೋಡಿಸಿ ನೋಡಿ.

ಒಬ್ಬರೇ ಇರುವಾಗಲೂ ಅಭ್ಯಾಸಕ್ಕೆ ದಾರಿಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868), ಕುದುರೆಯೊಂದು 64 ಮನೆಗಳನ್ನೂ ತಲಾ ಒಂದೇ ಸಲ ಮುಟ್ಟಿಬರುವ ಬಂಧಗಳನ್ನು ರಚಿಸುವುದರಲ್ಲಿ ಹೆಸರಾದವರು. ನಾವು ಇಪ್ಪತ್ತು ಮನೆಗಳವರೆಗೆ ಪ್ರಯತ್ನಿಸಿದರೂ ಕುದುರೆಯ ನಡೆ ಕಣ್ಣಿಗೆ ಪಳಗುತ್ತದೆ.

ನಾನು ಈಗಲೂ ತಾತನೆದುರು ಸೋಲುವುದೇ ಹೆಚ್ಚು. ಆದರೆ ಕಳೆದ ರಜೆಯಲ್ಲಿ ಅವರು ಕಾವಲಿಲ್ಲದ ಕಾಲಾಳೊಂದನ್ನು ಮುಂದಿಟ್ಟಾಗ, ಅದನ್ನು ಹೊಡೆಯದೆ ರಾಜನಿಗೆ ಮೊದಲು ಕಿಟಕಿ ತೆರೆದೆ. ತಾತ ಮಾತಾಡಲಿಲ್ಲ, ಮುಂದಿನ ನಡೆಗೆ ಬಹಳ ಹೊತ್ತು ಯೋಚಿಸಿದರು. ಬಹುಮಾನ ಬಂದಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.