ಗಟ್ಟಿ ಮರ ಕೊಯ್ಯುವವರಿಗೆ
ಚೈನ್ ಗರಗಸದಲ್ಲಿ ಒಣಗಿದ ಹುಣಸೆ, ಜಾಲಿಯಂಥ ಮರ ಕೊಯ್ಯುವವರು ಚೂಪು ಮೂಲೆಯ ಫುಲ್ ಚಿಸೆಲ್ ಚೈನಿನ ವೇಗಕ್ಕೆ ಮರುಳಾಗಬೇಡಿ. ತೊಗಟೆಯ ಮಣ್ಣು ತಗುಲಿದರೆ ಅದು ಬೇಗ ಮೊಂಡಾಗುತ್ತದೆ. ಮೂಲೆ ದುಂಡಗಿರುವ ಸೆಮಿ ಚಿಸೆಲ್ ಕೊಳ್ಳಿ. ತುಸು ನಿಧಾನವಾದರೂ ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ.

ಚಕ್ಕೆಯ ಬದಲು ಪುಡಿ ಉದುರತೊಡಗಿತೇ? ಒತ್ತಿ ಕೊಯ್ಯಬೇಡಿ. ಎಂಜಿನ್ ಆರಿಸಿ, ಕೈಗವಸು ತೊಟ್ಟು ಅರ ಹಿಡಿಯಿರಿ. .325 ಪಿಚ್ಚಿನ ಚೈನಿಗೆ ಸಾಮಾನ್ಯವಾಗಿ 4.8 ಮಿ.ಮೀ. ದುಂಡು ಅರ. ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಬೇಕು, ವಾಪಸು ಎಳೆಯುವಾಗ ಉಜ್ಜಬಾರದು. ಮಾಮೂಲು 30 ಡಿಗ್ರಿ ಕೋನವನ್ನು 25ಕ್ಕೆ ಇಳಿಸಿದರೆ ಅಂಚು ಗಟ್ಟಿ ಮರಕ್ಕೆ ಚೆನ್ನಾಗಿ ತಡೆಯುತ್ತದೆ. ಎರಡೂ ಬದಿಯ ಹಲ್ಲುಗಳ ಉದ್ದ ಸಮವಿರಲಿ, ಇಲ್ಲವಾದರೆ ಕೊಯ್ತ ಓರೆಯಾಗುತ್ತದೆ. ಹಲ್ಲಿನ ಮುಂದಿರುವ ಡೆಪ್ತ್ ಗೇಜನ್ನು ಮಾತ್ರ ಆತುರದಲ್ಲಿ ತಗ್ಗಿಸಬೇಡಿ, ದಯವಿಟ್ಟು. ಅತಿಯಾದರೆ ಗರಗಸ ಮೈಮೇಲೆ ಎಗರುತ್ತದೆ.